ಎರಡು ಕೆಲ್ವಿನ್‌ವರೆಗೆ: ಒಂದೇ ಕ್ಯಾವಿಟಿಯ ಕ್ರಯೋಸ್ಟಾಟ್ ಕಟ್ಟಿದ ದಾಖಲೆ

ನಿಯೋಬಿಯಂ ಲೋಹದ, ಒಂಬತ್ತು ಕೋಶಗಳ, 1.3 ಗಿಗಾಹರ್ಟ್ಸ್ ಕಂಪನಾಂಕದ ಒಂದು ಅತಿವಾಹಕ ಕ್ಯಾವಿಟಿಯನ್ನು ಅದರ ಟೈಟೇನಿಯಂ ಹೀಲಿಯಂ ಟ್ಯಾಂಕು, ಕಪ್ಲರ್ ಮತ್ತು ಟ್ಯೂನರ್ ಸಮೇತ ಅಡ್ಡಲಾಗಿ ಇರಿಸಿ, 2 ಕೆಲ್ವಿನ್ ತಾಪಮಾನದಲ್ಲಿ ಪರೀಕ್ಷಿಸುವ ಕ್ರಯೋಸ್ಟಾಟ್ ಒಂದನ್ನು ಕಟ್ಟುವ ಕೆಲಸ ನಮ್ಮ ಗುಂಪಿಗೆ ಬಂದಿತ್ತು. ಕ್ಯಾವಿಟಿ ಎಂದರೆ ರೇಡಿಯೋ ಅಲೆಗಳಿಂದ ಕಣಗಳಿಗೆ ವೇಗ ಕೊಡುವ ಪೊಳ್ಳು ಲೋಹಪಾತ್ರೆ, ಕಪ್ಲರ್ ಅದಕ್ಕೆ ಹೊರಗಿನಿಂದ ರೇಡಿಯೋ ಶಕ್ತಿ ಊಡುವ ಭಾಗ, ಟ್ಯೂನರ್ ಅದರ ಕಂಪನಾಂಕವನ್ನು ಸರಿಹೊಂದಿಸುವ ಭಾಗ, ಕ್ರಯೋಸ್ಟಾಟ್ ಇದನ್ನೆಲ್ಲ ನಿರ್ವಾತದಲ್ಲಿ ಅತಿ ತಣ್ಣಗಿಡುವ ಪಾತ್ರೆ. ಕಣವೇಗವರ್ಧಕದಲ್ಲಿ ಬಳಸುವ ಪೂರ್ಣ ಕ್ರಯೋಮಾಡ್ಯೂಲ್‌ನಲ್ಲಿ ಇಂಥ ಎಂಟು ಕ್ಯಾವಿಟಿಗಳು ಸಾಲಾಗಿರುತ್ತವೆ, ನಮ್ಮದರಲ್ಲಿ ಒಂದೇ. ಆದರೆ ಒಂದಕ್ಕೆ ಕಟ್ಟಿದರೂ ಎಂಟಕ್ಕೆ ಕಟ್ಟಿದರೂ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ಅವೇ. ಭಾರವಾದ ವಸ್ತುವೊಂದನ್ನು ಅಲುಗಾಡದಂತೆ ಹಿಡಿಯಬೇಕು, ಆದರೆ ಹಿಡಿದ ಕೈಯಿಂದ ಶಾಖ ಹರಿಯಬಾರದು. ಅದು ಕುಗ್ಗುವಾಗ ತಡೆಯಬಾರದು, ಆದರೆ ಅದರ ಅಕ್ಷ ಜರುಗಬಾರದು. ಈ ದಾಖಲೆಯಲ್ಲಿ ವಿನ್ಯಾಸದ ಮುಖ್ಯ ತೀರ್ಮಾನಗಳನ್ನೂ, ಮೊದಲ ಸಲ ತಣಿಸಿದಾಗ ಲೆಕ್ಕಕ್ಕಿಂತ ಎರಡೂವರೆ ಪಟ್ಟು ಹೆಚ್ಚಾಗಿ ಕಂಡ ಶಾಖದ ಮೂಲವನ್ನು ಹುಡುಕಿ ದುರಸ್ತಿ ಮಾಡಿದ ವಿವರವನ್ನೂ ಬರೆದಿದ್ದೇನೆ.

2 ಕೆಲ್ವಿನ್ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ನಿಯೋಬಿಯಂ 9.2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುತ್ತದೆ, ಸಾಮಾನ್ಯ ಒತ್ತಡದ ದ್ರವ ಹೀಲಿಯಂ 4.2 ಕೆಲ್ವಿನ್‌ನಲ್ಲೇ ಕುದಿಯುತ್ತದೆ. ಅಷ್ಟಕ್ಕೆ ನಿಲ್ಲಿಸಬಹುದಲ್ಲವೇ ಎಂದು ಅನಿಸುವುದು ಸಹಜ. ನೇರ ವಿದ್ಯುತ್ತಿಗೆ ಅತಿವಾಹಕದ ಪ್ರತಿರೋಧ ಸೊನ್ನೆಯಾದರೂ ರೇಡಿಯೋ ಕಂಪನಾಂಕದ ವಿದ್ಯುತ್ತಿಗೆ ಹಾಗಲ್ಲ. ಮೇಲ್ಮೈಯಲ್ಲಿ ಉಳಿಯುವ ಪ್ರತಿರೋಧವು ಕಂಪನಾಂಕದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ತಾಪಮಾನ ಇಳಿದಂತೆ ಘಾತೀಯವಾಗಿ ಇಳಿಯುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ 97 ಮೆಗಾಹರ್ಟ್ಸ್‌ನ ನಿಯೋಬಿಯಂ ಅನುರಣಕಗಳಿಗೂ (ಇವೂ ಒಂದು ಬಗೆಯ ಕ್ಯಾವಿಟಿಗಳೇ), ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆವರಣದಲ್ಲಿರುವ, ಸೀಸ ಲೇಪಿಸಿದ ತಾಮ್ರದ ಅನುರಣಕಗಳಿಗೂ 4.2 ಕೆಲ್ವಿನ್ ಸಾಕಾಗುವುದು ಈ ಕಾರಣದಿಂದಲೇ. 1.3 ಗಿಗಾಹರ್ಟ್ಸ್‌ನಲ್ಲಿ 4.2ರಿಂದ 2 ಕೆಲ್ವಿನ್‌ಗೆ ಇಳಿದಾಗ ಆ ಪ್ರತಿರೋಧ ಸುಮಾರು ಐವತ್ತು ಪಟ್ಟು ಕಡಿಮೆಯಾಗುತ್ತದೆ. ಜೊತೆಗೆ 2.17 ಕೆಲ್ವಿನ್‌ಗಿಂತ ಕೆಳಗೆ ಹೀಲಿಯಂ ಅತಿದ್ರವವಾಗುವುದರಿಂದ ಗುಳ್ಳೆಗಳೇಳದೆ ಶಾಖವನ್ನು ಸಾಗಿಸುತ್ತದೆ, ಕ್ಯಾವಿಟಿ ಅದುರುವುದಿಲ್ಲ.

ಎಲುಬುಗೂಡಿಗೆ ನಾವು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯವನ್ನು ಕೇಂದ್ರವಾಗಿಟ್ಟುಕೊಂಡು 1990ರ ದಶಕದಲ್ಲಿ ರೂಪುಗೊಂಡ, ಟೆಸ್ಲಾ ಎಂಬ ವೇಗವರ್ಧಕ ಯೋಜನೆಯ ಮಾದರಿಯ ಕ್ರಯೋಮಾಡ್ಯೂಲ್‌ನ ತರ್ಕವನ್ನೇ ಚಿಕ್ಕದಾಗಿಸಿಕೊಂಡೆವು. ಸುಮಾರು 12 ಮೀಟರ್ ಉದ್ದದ ಆ ಮಾಡ್ಯೂಲ್‌ನಲ್ಲಿ ಹೀಲಿಯಂ ಆವಿ ಮರಳುವ, 30 ಸೆಂ.ಮೀ. ವ್ಯಾಸದ ಉಕ್ಕಿನ ಕೊಳವೆಯೇ ಬೆನ್ನೆಲುಬು. ಕೊಳವೆಯನ್ನು ಮೂರು ಗಾಜಿನ ನಾರಿನ ಕಂಬಗಳು ಹೊರಪಾತ್ರೆಯಿಂದ ತೂಗಿ ಹಿಡಿಯುತ್ತವೆ, ಕ್ಯಾವಿಟಿಗಳು ಕೊಳವೆಯ ಅಡಿಯಲ್ಲಿ ನೇತಾಡುತ್ತವೆ. 2017ರಲ್ಲಿ ಕಾರ್ಯಾರಂಭ ಮಾಡಿದ ಎಕ್ಸ್-ಕಿರಣ ಲೇಸರ್ ಯಂತ್ರವಾದ ಯುರೋಪಿಯನ್ ಎಕ್ಸ್‌ಫೆಲ್‌ಗಾಗಿ ಇಂಥ ಸುಮಾರು ನೂರು ಮಾಡ್ಯೂಲ್‌ಗಳನ್ನು ಫ್ರಾನ್ಸಿನ ಸಾಕ್ಲೆಯಲ್ಲಿ ಜೋಡಿಸಲಾಯಿತು. ನಮ್ಮ ಕ್ರಯೋಸ್ಟಾಟ್‌ನ ಹೊರಪಾತ್ರೆ ಒಂದು ಮೀಟರ್ ವ್ಯಾಸ, ಎರಡು ಮೀಟರ್‌ಗಿಂತ ತುಸು ಹೆಚ್ಚು ಉದ್ದ, ಕಂಬಗಳು ಎರಡು.

ಟೆಸ್ಲಾ ವಿನ್ಯಾಸದಲ್ಲಿದ್ದ ಒಂದು ದೊಡ್ಡ ಭಾಗವನ್ನು ನಾವು ಬೇಕೆಂದೇ ಕೈಬಿಟ್ಟೆವು. ಅದರಲ್ಲಿ ಹೊರಗಿನ ಶಾಖವಿಕಿರಣವನ್ನು ತಡೆಯುವ ತಣ್ಣನೆಯ ಕವಚಗಳು, ಅಂದರೆ ಶೀಲ್ಡ್‌ಗಳು, ಎರಡು: ಹೊರಗಿನದು 40ರಿಂದ 80 ಕೆಲ್ವಿನ್ ನಡುವೆ, ಒಳಗಿನದು 5 ಕೆಲ್ವಿನ್ ಆಸುಪಾಸಿನಲ್ಲಿ. ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್-2 ಎಂಬ ಎಕ್ಸ್-ಕಿರಣ ಲೇಸರ್ ಯಂತ್ರದ ಮಾಡ್ಯೂಲ್‌ಗಳಲ್ಲಿ 5 ಕೆಲ್ವಿನ್‌ನ ಪೂರ್ಣ ಶೀಲ್ಡನ್ನು ತೆಗೆದುಹಾಕಿ, ಕಂಬ, ಕಪ್ಲರ್ ಮುಂತಾದವುಗಳಿಂದ ಬರುವ ಶಾಖವನ್ನು ಮಧ್ಯದಾರಿಯಲ್ಲಿ ಹಿಡಿಯುವ 5 ಕೆಲ್ವಿನ್‌ನ ಬಂಧಗಳನ್ನಷ್ಟೇ ಉಳಿಸಿಕೊಂಡಿದ್ದಾರೆ. ಕಾರಣ ಸರಳ. ಆ ಯಂತ್ರದ ಕ್ಯಾವಿಟಿಗಳು ಎಡೆಬಿಡದೆ ದುಡಿಯುತ್ತವೆ. ಮೀಟರಿಗೆ 16 ಮೆಗಾವೋಲ್ಟ್ ಏರುಮಾನದಲ್ಲಿ (ಪ್ರತಿ ಮೀಟರಿನಲ್ಲಿ ಕಣಕ್ಕೆ ಸಿಗುವ ವೋಲ್ಟೇಜ್), ಗುಣಾಂಕ (ಹೆಚ್ಚಿದ್ದಷ್ಟೂ ಶಾಖವಾಗಿ ಪೋಲಾಗುವುದು ಕಡಿಮೆ) 2.7×10¹⁰ ಇರುವ ಒಂದೊಂದು ಕ್ಯಾವಿಟಿಯೂ ಸುಮಾರು 10 ವ್ಯಾಟ್ ಶಾಖವನ್ನು 2 ಕೆಲ್ವಿನ್‌ನ ಹೀಲಿಯಂಗೆ ಸುರಿಯುತ್ತದೆ. ಎಂಟು ಕ್ಯಾವಿಟಿಗಳ 80 ವ್ಯಾಟ್‌ನ ಮುಂದೆ ಶೀಲ್ಡ್ ಉಳಿಸುವ ಒಂದೆರಡು ವ್ಯಾಟ್ ಲೆಕ್ಕಕ್ಕೇ ಬರುವುದಿಲ್ಲ. ನಮ್ಮದೂ ಎಡೆಬಿಡದ ಪರೀಕ್ಷೆಯೇ ಆದ್ದರಿಂದ ದ್ರವ ಸಾರಜನಕದ ಒಂದೇ ಶೀಲ್ಡ್, ಜೊತೆಗೆ 4.2 ಕೆಲ್ವಿನ್‌ನ ಒಂದು ಚಿಕ್ಕ ಹೀಲಿಯಂ ಪಾತ್ರೆ ಮತ್ತು ಅದಕ್ಕೆ ಕಟ್ಟಿದ ಬಂಧಗಳು ಎಂದು ನಿರ್ಧರಿಸಿದೆವು.

ಶಾಖದ ಬಜೆಟ್

2 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಶಾಖವನ್ನು ತೆಗೆಯಲು ಆದರ್ಶ ಯಂತ್ರಕ್ಕೇ 149 ವ್ಯಾಟ್ ಬೇಕು, ನಿಜವಾದ ದೊಡ್ಡ ಶೀತಕ ಘಟಕಗಳಿಗೆ 800 ವ್ಯಾಟ್ ಆಸುಪಾಸು. ನಮ್ಮಲ್ಲಿ ಅಂಥ ಘಟಕವಿಲ್ಲ; ದ್ರವ ಹೀಲಿಯಂ ಡೀವಾರ್ ಎಂಬ ನಿರ್ವಾತ ಗೋಡೆಯ ಪಾತ್ರೆಗಳಲ್ಲಿ ಬರುತ್ತದೆ, ಆವಿಯಾದದ್ದು ದೊಡ್ಡ ಚೀಲದಲ್ಲಿ ತುಂಬಿ, ಕಂಪ್ರೆಸರ್ ಮೂಲಕ ಸಿಲಿಂಡರ್‌ಗಳಿಗೆ ಮರಳುತ್ತದೆ. ಭಾರತಕ್ಕೆ ಬೇಕಾದ ಹೀಲಿಯಂ ಹೆಚ್ಚುಕಡಿಮೆ ಎಲ್ಲವೂ ಆಮದು. ಹೀಗಾಗಿ ಬಜೆಟ್ ಎಂಬ ಪದವನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು.

ವಿಕಿರಣದ ಲೆಕ್ಕ ಸುಲಭ. 300 ಕೆಲ್ವಿನ್‌ನ ಕಪ್ಪು ಮೇಲ್ಮೈಯ ಪ್ರತಿ ಚದರ ಮೀಟರ್ 459 ವ್ಯಾಟ್ ಸೂಸುತ್ತದೆ, 80 ಕೆಲ್ವಿನ್‌ನದು ಅದರ ಇನ್ನೂರರಲ್ಲಿ ಒಂದು ಪಾಲು ಮಾತ್ರ. ಶೀಲ್ಡ್ ಇರುವುದು ಇದಕ್ಕಾಗಿಯೇ. ಶೀಲ್ಡ್‌ನ ಹೊರಮೈ ಸುಮಾರು 6 ಚದರ ಮೀಟರ್. ಅದಕ್ಕೆ 30 ಪದರಗಳ ಎಂಎಲ್‌ಐ (ಶಾಖ ತಡೆಯುವ ಬಹುಪದರ ಹೊದಿಕೆ) ಹೊದಿಸಿದರೆ ಚದರ ಮೀಟರಿಗೆ ಒಂದರಿಂದ ಒಂದೂವರೆ ವ್ಯಾಟ್ ಎಂದು ಹಿಡಿಯುವುದು ಅನುಭವಿಗಳ ರೂಢಿ. ಒಳಗಿನ ತಣ್ಣನೆಯ ಭಾಗಕ್ಕೆ 10 ಪದರ. ಅಲ್ಲಿ ವಿಕಿರಣದ ಪಾಲು ಒಟ್ಟಾರೆ 0.15 ವ್ಯಾಟ್ ದಾಟದು. ಆದರೆ ಇದೆಲ್ಲ ತೂತಿಲ್ಲದ ಶೀಲ್ಡಿಗೆ. ಕೋಣೆಯ ತಾಪಮಾನದ ಗೋಡೆ ನೇರವಾಗಿ ಕಾಣುವಂತೆ ಶೀಲ್ಡ್‌ನಲ್ಲಿ ಹತ್ತು ಚದರ ಸೆಂ.ಮೀ.ನಷ್ಟು ಸಂದಿ ಬಿಟ್ಟರೆ ಅದೊಂದರಿಂದಲೇ ಅರ್ಧ ವ್ಯಾಟ್‌ಗೆ ಸಮೀಪದ ಶಾಖ ಒಳಬರಬಹುದು. ಆರು ಚದರ ಮೀಟರ್ ಹೊದಿಕೆಗಿಂತ ಅಂಗೈಗಿಂತ ಚಿಕ್ಕ ಸಂದಿ ದುಬಾರಿ ಎಂಬ ಈ ಮಾತು ಮುಂದೆ ಎಲ್ಲ ಕಡೆಗೂ ಅನ್ವಯಿಸಿತು.

ಕಂಬಗಳಿಗೆ ಜಿ-10 ಗಾಜಿನ ನಾರಿನ ಕೊಳವೆ: 100 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ಕೋಣೆಯಿಂದ ಶೀಲ್ಡ್‌ವರೆಗಿನ 60 ಮಿ.ಮೀ. ಉದ್ದದಲ್ಲಿ ಪ್ರತಿ ಕಂಬದಿಂದ ಸುಮಾರು ಒಂದೂವರೆ ವ್ಯಾಟ್ ಸಾರಜನಕಕ್ಕೆ ಹೋಗುತ್ತದೆ. ಶೀಲ್ಡ್‌ನಿಂದ ಮುಂದಿನ 60 ಮಿ.ಮೀ.ನಲ್ಲಿ ಕಾಲು ವ್ಯಾಟ್‌ನಷ್ಟು 4.2 ಕೆಲ್ವಿನ್‌ನ ಪಾತ್ರೆಗೆ ಹೋಗುತ್ತದೆ. ಅಲ್ಲಿಂದ 2 ಕೆಲ್ವಿನ್‌ಗೆ ತಲುಪುವುದು ತೀರಾ ಅಲ್ಪ. ಹಂತಹಂತವಾಗಿ ಶಾಖವನ್ನು ಹಿಡಿದುಹಾಕುವ ಈ ಉಪಾಯ ಇಲ್ಲದಿದ್ದರೆ ಕಂಬಗಳಷ್ಟೇ ನಮ್ಮ ಬಜೆಟ್ಟನ್ನು ತಿಂದುಹಾಕುತ್ತಿದ್ದವು.

ಕಂಬಕ್ಕೆ ಲೋಹದ ಉಂಗುರ ಕೂರಿಸುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಜೋಡಣೆ ಇದು. ಟೆಸ್ಲಾ ಕಂಬಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಅಂಟೂ ಇಲ್ಲ, ಬೋಲ್ಟೂ ಇಲ್ಲ. ಕೊಳವೆಯ ಒಳಗೆ ಒಂದು ಲೋಹದ ತಟ್ಟೆ, ಹೊರಗೆ ಒಂದು ಉಂಗುರ, ಎರಡರ ನಡುವೆ ಗಾಜಿನ ನಾರಿನ ಗೋಡೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ತಟ್ಟೆಯನ್ನು ಕೊಳವೆಯ ಒಳವ್ಯಾಸಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕಡೆದು, ದ್ರವ ಸಾರಜನಕದಲ್ಲಿ ಮುಳುಗಿಸಿ ಕುಗ್ಗಿಸಿ ಒಳಗಿಳಿಸಬೇಕು. ಉಂಗುರವನ್ನು ಒಲೆಯಲ್ಲಿ ಬಿಸಿಮಾಡಿ ಹೊರಗಿನಿಂದ ಏರಿಸಬೇಕು. ಕೈ ನಡುಗಿದರೆ ಉಂಗುರ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಫಿಟ್ಟರ್ ಇದಕ್ಕಾಗಿ ಟೆಫ್ಲಾನಿನ ಮಾರ್ಗದರ್ಶಿ ಕೊಳವೆಯೊಂದನ್ನು ಲೇತಿನಲ್ಲಿ ಮಾಡಿಕೊಂಡರು. ಅದರ ಮೇಲೆ ಜಾರಿಸಿ ಬಿಟ್ಟರೆ ಉಂಗುರ ತನ್ನ ಜಾಗಕ್ಕೆ ತಾನೇ ಇಳಿಯುತ್ತಿತ್ತು. 80 ಕೆಲ್ವಿನ್ ಹಂತದ ಹೊರ ಉಂಗುರ ಅಲ್ಯೂಮಿನಿಯಂನದು. ತಣಿದಾಗ ಅಲ್ಯೂಮಿನಿಯಂ ಗಾಜಿನ ನಾರಿಗಿಂತ ಹೆಚ್ಚು ಕುಗ್ಗುವುದರಿಂದ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ತಣಿದಂತೆ ಬಿಗಿಯಾಗುವ ಜೋಡಣೆ ಮತ್ತು ತಣಿದಂತೆ ಸಡಿಲವಾಗುವ ಜೋಡಣೆ ಎಂಬ ವ್ಯತ್ಯಾಸ ಮುಂದಿನ ಕಥೆಯಲ್ಲಿ ಮತ್ತೆ ಬರುತ್ತದೆ.

ಕಪ್ಲರ್, ಟ್ಯೂನರ್ ಮೋಟಾರಿನ ತಂತಿಗಳು, ರೇಡಿಯೋ ಕಂಪನಾಂಕದ ಕೇಬಲ್‌ಗಳು, ವಾಲ್ವ್‌ಗಳು, ಕೊಳವೆಗಳು ಎಲ್ಲ ಸೇರಿ 2 ಕೆಲ್ವಿನ್‌ನ ನಿಶ್ಚಲ ಶಾಖ, ಅಂದರೆ ಕ್ಯಾವಿಟಿಗೆ ವಿದ್ಯುತ್ ಕೊಡುವ ಮೊದಲೇ ಇರುವ ಶಾಖ, ಅಂಚನ್ನೂ ಹಿಡಿದು 1.5 ವ್ಯಾಟ್ ಎಂದು ಬರೆದಿಟ್ಟೆವು. ಇದರ ಮೇಲೆ ಕ್ಯಾವಿಟಿಯ 10 ವ್ಯಾಟ್. 2 ಕೆಲ್ವಿನ್‌ನಲ್ಲಿ ಹೀಲಿಯಂನ ಆವಿಯ ಒತ್ತಡ 31 ಮಿಲಿಬಾರ್. ಆ ಒತ್ತಡದಲ್ಲಿ 10 ವ್ಯಾಟ್‌ನಿಂದ ಏಳುವ ಆವಿ ಕೋಣೆಯ ತಾಪಮಾನಕ್ಕೆ ಬಂದಾಗ ಗಂಟೆಗೆ 300 ಘನ ಮೀಟರ್ ಆಗುತ್ತದೆ. ನಿಶ್ಚಲ ಶಾಖವನ್ನೂ, ದ್ರವವು ಒತ್ತಡ ಕಳೆದುಕೊಂಡು ತಣಿಯುವ ಜೂಲ್-ಥಾಮ್ಸನ್ ವಾಲ್ವ್‌ನಲ್ಲಿ ದಾಟುವಾಗಲೇ ಆವಿಯಾಗಿಬಿಡುವ ಪಾಲನ್ನೂ ಸೇರಿಸಿ 500 ಘನ ಮೀಟರ್‌ನ ರೂಟ್ಸ್ ಮಾದರಿಯ ನಿರ್ವಾತ ಪಂಪ್ ಆರಿಸಿಕೊಂಡೆವು.

ಕುಗ್ಗುವ ಲೋಹಗಳು

ಕೋಣೆಯ ತಾಪಮಾನದಿಂದ 4 ಕೆಲ್ವಿನ್‌ಗೆ ಇಳಿದಾಗ ಸ್ಟೇನ್‌ಲೆಸ್ ಉಕ್ಕು ಮೀಟರಿಗೆ 3 ಮಿ.ಮೀ. ಕುಗ್ಗುತ್ತದೆ, ಅಲ್ಯೂಮಿನಿಯಂ 4 ಮಿ.ಮೀ.ಗೂ ಹೆಚ್ಚು, ನಿಯೋಬಿಯಂ ಮತ್ತು ಟೈಟೇನಿಯಂ ಸುಮಾರು ಒಂದೂವರೆ ಮಿ.ಮೀ., ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹ ಅರ್ಧ ಮಿ.ಮೀ.ಗಿಂತ ಕಡಿಮೆ. ಹೀಲಿಯಂ ಟ್ಯಾಂಕನ್ನು ಟೈಟೇನಿಯಂನಲ್ಲಿ ಮಾಡುವುದೇಕೆ ಎಂಬುದಕ್ಕೆ ಈ ಅಂಕಿಗಳೇ ಉತ್ತರ: ಅದರ ಕುಗ್ಗುವಿಕೆ ಒಳಗಿನ ನಿಯೋಬಿಯಂಗೆ ಹೊಂದುತ್ತದೆ. 12 ಮೀಟರ್‌ನ ಟೆಸ್ಲಾ ಮಾಡ್ಯೂಲ್‌ನಲ್ಲಿ ಬೆನ್ನೆಲುಬಿನ ಕೊಳವೆ ಒಟ್ಟು 36 ಮಿ.ಮೀ. ಕುಗ್ಗುತ್ತದೆ, ನಡುವಿನ ಕಂಬವನ್ನು ಸ್ಥಿರವಾಗಿಟ್ಟು ಉಳಿದೆರಡನ್ನು ಜಾರಲು ಬಿಟ್ಟರೂ ತುದಿಗಳು 18 ಮಿ.ಮೀ. ಒಳಗೆ ಸರಿಯುತ್ತವೆ. ಕ್ಯಾವಿಟಿಗಳೂ ಕೊಳವೆಯ ಜೊತೆ ಸರಿದರೆ ಹೊರಪಾತ್ರೆಗೆ ಕಚ್ಚಿಕೊಂಡಿರುವ ಕಪ್ಲರ್‌ಗಳು ಮುರಿಯುತ್ತವೆ. ಆದ್ದರಿಂದ ಪ್ರತಿ ಕ್ಯಾವಿಟಿಯನ್ನೂ ಕೊಳವೆಯ ಕೆಳಗೆ ಉರುಳುಗಳ ಮೇಲೆ ಜಾರುವಂತೆ ಕೂರಿಸಿ, ಉದ್ದದ ದಿಕ್ಕಿನಲ್ಲಿ ಮಾತ್ರ ಒಂದು ಇನ್ವಾರ್ ಸರಳಿಗೆ ಕಟ್ಟುತ್ತಾರೆ.

ನಮ್ಮ ಎರಡು ಮೀಟರಿನಲ್ಲಿ ಉಕ್ಕಿನ ಕೊಳವೆ ಕುಗ್ಗುವುದು 6 ಮಿ.ಮೀ. ಮಾತ್ರ. ಇನ್ವಾರ್ ಸರಳು ಬೇಕೇ ಎಂದು ಚರ್ಚೆಯಾಯಿತು. ಬೇಡವೆಂದು ತೀರ್ಮಾನಿಸಿ, ಕಪ್ಲರ್ ಇರುವ ಕಡೆಯ ಕಂಬವನ್ನೇ ಸ್ಥಿರ ಕಂಬವನ್ನಾಗಿ ಮಾಡಿದೆವು. ಸ್ಥಿರ ಬಿಂದುವಿನ ನೇರಕ್ಕೆ ಕಪ್ಲರ್ ಬಂದರೆ ಅಲ್ಲಿ ಸರಿಯುವ ದೂರ ಸೊನ್ನೆಗೆ ಹತ್ತಿರ. ಉದ್ದದ ಯಂತ್ರಕ್ಕೆ ಅನಿವಾರ್ಯವಾದ ಉಪಾಯವನ್ನು ಗಿಡ್ಡ ಯಂತ್ರಕ್ಕೂ ಅಂಟಿಸಬೇಕಿಲ್ಲ. ಉರುಳುಗಳನ್ನು ಮಾತ್ರ ಉಳಿಸಿಕೊಂಡೆವು, ಏಕೆಂದರೆ ಟೈಟೇನಿಯಂ ಟ್ಯಾಂಕು ಮತ್ತು ಉಕ್ಕಿನ ಕೊಳವೆಯ ನಡುವಿನ ವ್ಯತ್ಯಾಸ ಅಲ್ಲಿ ಎರಡು ಮಿ.ಮೀ.ಗೆ ಸಮೀಪ ಬರುತ್ತದೆ.

ಅಲ್ಯೂಮಿನಿಯಂ ಶೀಲ್ಡ್ ಅದರ ಉದ್ದಕ್ಕೆ 8 ಮಿ.ಮೀ.ಗೆ ತುಸು ಕಡಿಮೆ ಕುಗ್ಗುತ್ತದೆ. ಅದು ಒಂದೇ ಸಮನೆ ಕುಗ್ಗುವುದಿಲ್ಲ ಎಂಬುದೇ ತೊಂದರೆ. ಸಾರಜನಕದ ಕೊಳವೆ ಹಾದುಹೋಗುವ ಕಡೆ ಮೊದಲು ತಣಿದು, ಎದುರು ಬದಿ ಇನ್ನೂ ಬೆಚ್ಚಗಿರುವಾಗ ಶೀಲ್ಡ್ ಬಿಲ್ಲಿನಂತೆ ಬಾಗುತ್ತದೆ. ಕೊಳವೆಯನ್ನು ಉದ್ದಕ್ಕೂ ಬೆಸೆದರೆ ಬೆಸುಗೆ ಬಿರಿಯಬಹುದು. ಹಾಗಾಗಿ ಶೀಲ್ಡ್‌ನ ಅಂಚನ್ನು ಬೆರಳುಗಳಂತೆ ಸೀಳಿ, ಒಂದೊಂದು ಬೆರಳಿನ ತುದಿಯನ್ನು ಮಾತ್ರ ಕೊಳವೆಗೆ ಬೆಸೆಯುವ ಟೆಸ್ಲಾ ಪದ್ಧತಿಯನ್ನೇ ಅನುಸರಿಸಿದೆವು. ಕೆಲಸ ನಿಧಾನ, ವೆಲ್ಡರ್‌ಗೆ ಬೇಸರ ತರಿಸುವಂಥದ್ದು. ಆದರೆ ಎರಡು ಸಲ ತಣಿಸಿ ತೆಗೆದ ಮೇಲೂ ಒಂದು ಬೆಸುಗೆಯೂ ಬಿರಿದಿಲ್ಲ.

ಹೊದಿಕೆ ಮತ್ತು ಕಾಂತಕ್ಷೇತ್ರ

ಎಂಎಲ್‌ಐ ಎಂದರೆ ಎರಡೂ ಬದಿಗೆ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆ ಮತ್ತು ಅವುಗಳ ನಡುವೆ ಸೊಳ್ಳೆಪರದೆಯಂಥ ತೆಳು ಜಾಲರಿ ಬಟ್ಟೆ. ಬಿಗಿಯಾಗಿ ಸುತ್ತಿದರೆ ಹಾಳೆಗಳು ಒಂದಕ್ಕೊಂದು ಒತ್ತಿಕೊಂಡು ಶಾಖ ದಾಟಿಸುತ್ತವೆ. ಸಡಿಲ ಬಿಟ್ಟರೆ ಜೋತುಬಿದ್ದು ಶೀಲ್ಡ್‌ಗೂ ಹೊರಪಾತ್ರೆಗೂ ಸೇತುವೆಯಾಗುತ್ತವೆ. ಅಲ್ಯೂಮಿನಿಯಂ ಶೀಲ್ಡ್ ಕುಗ್ಗುವಷ್ಟು ಹೊದಿಕೆ ಕುಗ್ಗುವುದಿಲ್ಲವಾದ್ದರಿಂದ ಕೋಣೆಯಲ್ಲಿ ಸರಿ ಕಂಡದ್ದು ತಣಿದ ಮೇಲೆ ಇನ್ನಷ್ಟು ಸಡಿಲವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಹತ್ತತ್ತು ಪದರಗಳ ಮೂರು ಕಂಬಳಿಗಳಾಗಿ ಹೊಲಿಸಿ, ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಬಾರದಂತೆ ಸರಿಸಿ ಸುತ್ತಿದೆವು. ಕಂಬ ಮತ್ತು ಕಪ್ಲರ್ ಹಾದುಹೋಗುವ ತೂತುಗಳ ಸುತ್ತ ಒಂದೊಂದು ಪದರವನ್ನೂ ಪ್ರತ್ಯೇಕವಾಗಿ ಕತ್ತರಿಸಿ, ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಲಾಯಿತು. ವಿಶಾಲವಾದ ಮೈಗೆ ಹೊದಿಸಿದ್ದಕ್ಕಿಂತ ಈ ಕೆಲವು ತೂತುಗಳಿಗೇ ಹೆಚ್ಚು ಹೊತ್ತು ಹಿಡಿಯಿತು. ಮಳೆಗಾಲದ ಗಾಳಿಯಲ್ಲಿ ಈ ಹಾಳೆಗಳು ತೇವ ಹೀರಿಕೊಳ್ಳುತ್ತವೆ. ಪಾತ್ರೆ ತೆರೆದಿರುವಾಗಲೆಲ್ಲ ಒಣ ಸಾರಜನಕ ಅನಿಲವನ್ನು ಹಾಯಿಸುತ್ತಿದ್ದರೂ ನಿರ್ವಾತ ಇಳಿಯುವುದು ಮಂದಗತಿಯಲ್ಲೇ.

ಕಾಂತ ಶೀಲ್ಡ್ ಬಗ್ಗೆ ಚುಟುಕಾಗಿ: ನಿಯೋಬಿಯಂ ಅತಿವಾಹಕವಾಗುವ ಕ್ಷಣದಲ್ಲಿ ಸುತ್ತಲಿರುವ ಕಾಂತಕ್ಷೇತ್ರ ಅದರಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. 1.3 ಗಿಗಾಹರ್ಟ್ಸ್‌ನಲ್ಲಿ ಸಿಕ್ಕಿಕೊಂಡ ಪ್ರತಿ ಮೈಕ್ರೊಟೆಸ್ಲಾ ಸುಮಾರು ಮೂರೂವರೆ ನ್ಯಾನೊ-ಓಮ್ ಪ್ರತಿರೋಧ ಸೇರಿಸಬಲ್ಲದು. ದಕ್ಷಿಣ ಭಾರತದಲ್ಲಿ ಭೂಮಿಯ ಕ್ಷೇತ್ರ 40 ಮೈಕ್ರೊಟೆಸ್ಲಾ ಆಸುಪಾಸಿನಲ್ಲಿದೆ. ಅಷ್ಟೂ ಒಳಬಿಟ್ಟರೆ ಗುಣಾಂಕ 2×10⁹ಕ್ಕೆ ಕುಸಿದು ಪರೀಕ್ಷೆಯೇ ವ್ಯರ್ಥ. ನಿಕ್ಕಲ್ ಹೆಚ್ಚಿರುವ ಮಿಶ್ರಲೋಹದ ಎರಡು ಅರೆಕೊಳವೆಗಳನ್ನು ಹೀಲಿಯಂ ಟ್ಯಾಂಕಿನ ಸುತ್ತ ಕೂರಿಸಿ, ಒಳಗೆ ಫ್ಲಕ್ಸ್‌ಗೇಟ್ ಮಾಪಕ ಹಾಯಿಸಿ ನೋಡಿದಾಗ ಒಂದು ಮೈಕ್ರೊಟೆಸ್ಲಾಕ್ಕಿಂತ ಕಡಿಮೆ ಇತ್ತು. ಆ ಲೋಹವನ್ನು ಬಗ್ಗಿಸಿದರೆ, ಬೀಳಿಸಿದರೆ ಗುಣ ಕೆಡುತ್ತದೆ. ಅದನ್ನು ಮುಟ್ಟುವವರು ಇಬ್ಬರಿಗಿಂತ ಹೆಚ್ಚಿರಬಾರದು ಎಂಬ ನಿಯಮ ಮಾಡಿಕೊಂಡಿದ್ದೆವು.

ಸೋರಿಕೆ ಪರೀಕ್ಷೆ ಮತ್ತು ರಕ್ಷಣಾ ವಾಲ್ವ್

ಕ್ಯಾವಿಟಿ ನಮಗೆ ಸ್ವಚ್ಛಕೋಣೆಯಿಂದಲೇ ನಿರ್ವಾತ ಸಮೇತ ಮುಚ್ಚಿ ಬಂದಿತ್ತು. ಅದರ ಒಳಮೈಯನ್ನು ನಾವು ಯಾವ ಹಂತದಲ್ಲೂ ತೆರೆಯಲಿಲ್ಲ. ಉಳಿದ ಪ್ರತಿಯೊಂದು ಬೆಸುಗೆಯನ್ನೂ ಜೋಡಿಸುವ ಮೊದಲೇ ದ್ರವ ಸಾರಜನಕದಲ್ಲಿ ಮುಳುಗಿಸಿ, ಬೆಚ್ಚಗಾಗಿಸಿ, ಆಮೇಲೆ ಹೀಲಿಯಂ ಲೀಕ್ ಡಿಟೆಕ್ಟರ್‌ನಲ್ಲಿ ಪರೀಕ್ಷಿಸಿದೆವು. ಕೋಣೆಯಲ್ಲಿ ಬಿಗಿಯಾಗಿದ್ದು ತಣಿದಾಗ ಮಾತ್ರ ತೆರೆದುಕೊಳ್ಳುವ ಬಿರುಕುಗಳುಂಟು; ಅವನ್ನು ಜೋಡಣೆ ಮುಗಿದ ಮೇಲೆ ಹುಡುಕುವುದು ಬಹಳ ಕಷ್ಟ. ಅದರ ಮೇಲೆ ಅತಿದ್ರವ ಹೀಲಿಯಂಗೆ ಸಾಮಾನ್ಯ ದ್ರವ ನುಸುಳದ ಸಂದಿಯಲ್ಲೂ ಹರಿಯುವ ಗುಣವಿದೆ. ಸೆಕೆಂಡಿಗೆ 1×10⁻⁹ ಮಿಲಿಬಾರ್-ಲೀಟರ್‌ಗಿಂತ ಹೆಚ್ಚು ತೋರಿಸಿದ ಯಾವುದನ್ನೂ ಒಳಗೆ ಬಿಡಲಿಲ್ಲ.

ರಕ್ಷಣೆಯ ವಿಷಯದಲ್ಲಿ ಕೈಬಿಗಿ ಹಿಡಿಯುವಂತಿರಲಿಲ್ಲ. ಕ್ಯಾವಿಟಿಯ ಒಳನಿರ್ವಾತಕ್ಕೆ ಗಾಳಿ ನುಗ್ಗಿದರೆ ಅದು ತಣ್ಣನೆಯ ನಿಯೋಬಿಯಂ ಮೇಲೆ ಹೆಪ್ಪುಗಟ್ಟುತ್ತ ಚದರ ಮೀಟರಿಗೆ 38 ಕಿಲೋವ್ಯಾಟ್‌ನಷ್ಟು ಶಾಖ ಕೊಡಬಲ್ಲದು. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು ಎರಡು ಕಿಲೋಗ್ರಾಂ ಹೀಲಿಯಂ ಆವಿಯಾಗುತ್ತದೆ. ಒಂದು ಲೀಟರ್ ದ್ರವ ಏಳುನೂರು ಲೀಟರ್‌ಗೂ ಹೆಚ್ಚು ಅನಿಲವಾಗುತ್ತದೆ. ಒತ್ತಡ ಮಿತಿಮೀರಿದರೆ ತಾನೇ ಬಿರಿದು ಅನಿಲವನ್ನು ಹೊರಬಿಡುವ ಬಿರಿತಟ್ಟೆಯ ವ್ಯಾಸವನ್ನು ಈ ಅಂಕಿಯಿಂದಲೇ ನಿರ್ಧರಿಸಿದೆವು. ಹೊರಪಾತ್ರೆಗೂ ದೊಡ್ಡ ರಕ್ಷಣಾ ಮುಚ್ಚಳ ಹಾಕಿದೆವು. 2008ರ ಸೆಪ್ಟೆಂಬರ್ 19ರಂದು ಸರ್ನ್‌ನ ಎಲ್‌ಎಚ್‌ಸಿ ಎಂಬ ಕಣವೇಗವರ್ಧಕದಲ್ಲಿ ವಿದ್ಯುತ್ ಜೋಡಣೆಯೊಂದು ಸುಟ್ಟು ನಿರೋಧಕ ನಿರ್ವಾತಕ್ಕೆ ಹೀಲಿಯಂ ನುಗ್ಗಿದಾಗ, ಹೊರಪಾತ್ರೆಯ ರಕ್ಷಣಾ ವಾಲ್ವ್‌ಗಳು ಒತ್ತಡವನ್ನು ತಡೆಯಲಾರದೆ ಭಾರೀ ಚುಂಬಕಗಳೇ ತಮ್ಮ ನೆಲೆಯಿಂದ ಸರಿದಿದ್ದವು. ಆ ವರದಿಗಳನ್ನು ಓದಿದವರು ಯಾರೂ ಹೊರಪಾತ್ರೆಯ ಮುಚ್ಚಳವನ್ನು ಚಿಕ್ಕದು ಮಾಡುವುದಿಲ್ಲ.

ಮೊದಲ ತಣಿಸುವಿಕೆ

ಮೊದಲು ಶೀಲ್ಡ್‌ಗೆ ಸಾರಜನಕ ಬಿಟ್ಟು, ಅದು 90 ಕೆಲ್ವಿನ್ ದಾಟಿದ ಮೇಲೆ ಕ್ಯಾವಿಟಿಗೆ ಹೀಲಿಯಂ ಬಿಟ್ಟೆವು. ಕ್ಯಾವಿಟಿಯನ್ನು 150ರಿಂದ 70 ಕೆಲ್ವಿನ್ ನಡುವೆ ತಡವಿಲ್ಲದೆ ದಾಟಿಸಬೇಕು. ನಿಯೋಬಿಯಂನಲ್ಲಿ ಕರಗಿದ ಜಲಜನಕ ಆ ವಲಯದಲ್ಲೇ ಹೈಡ್ರೈಡ್ ಆಗಿ ಕೂಡಿಕೊಂಡು ಗುಣಾಂಕವನ್ನು ಕೆಡಿಸುತ್ತದೆ. ನಮ್ಮ ಕ್ಯಾವಿಟಿಯನ್ನು 800 ಡಿಗ್ರಿ ಸೆಲ್ಸಿಯಸ್‌ನ ನಿರ್ವಾತ ಕುಲುಮೆಯಲ್ಲಿ ಕಾಯಿಸಿ ಜಲಜನಕ ಹೊರಹಾಕಿದ್ದರೂ, ರಾತ್ರಿಯಿಡೀ ಅದನ್ನು 100 ಕೆಲ್ವಿನ್‌ನಲ್ಲಿ ನಿಲ್ಲಿಸಿಡುವ ಧೈರ್ಯ ಬರಲಿಲ್ಲ.

4.2 ಕೆಲ್ವಿನ್‌ನಲ್ಲಿ ದ್ರವ ನಿಂತ ಮೇಲೆ ಪಂಪ್ ಹಚ್ಚಿದೆವು. ಒತ್ತಡ 31 ಮಿಲಿಬಾರ್‌ಗೆ ಇಳಿದು, ಸೆರ್ನಾಕ್ಸ್ ತಾಪಮಾಪಕ 2.0 ತೋರಿಸಿತು. ನಿಶ್ಚಲ ಶಾಖವನ್ನು ಅಳೆಯುವ ವಿಧಾನ ನೇರವಾದದ್ದು: ದ್ರವ ಬರುವ ವಾಲ್ವ್ ಮುಚ್ಚಿ, ಪಂಪಿನ ಆಚೆಗೆ ಅನಿಲದ ಹರಿವನ್ನು ನೋಡುವುದು. 2 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಎಂದರೆ ನಿಮಿಷಕ್ಕೆ ಸುಮಾರು 15 ಲೀಟರ್ ಅನಿಲ. ನಮ್ಮ ಬಜೆಟ್ ಪ್ರಕಾರ 23 ಲೀಟರ್ ಇರಬೇಕಿದ್ದ ಕಡೆ ಮಾಪಕ 60 ಲೀಟರ್‌ಗಿಂತ ಕೆಳಗಿಳಿಯಲೇ ಇಲ್ಲ. ಅಂದರೆ 4 ವ್ಯಾಟ್. ವಿಕಿರಣ, ನಿರ್ವಾತ, ಕಂಬ ಎಂದು ದೊಡ್ಡ ಬಾಬ್ತುಗಳನ್ನು ಮೊದಲು ಅನುಮಾನಿಸಿದೆವು. ನಿರೋಧಕ ನಿರ್ವಾತ 10⁻⁶ ಮಿಲಿಬಾರ್‌ಗಿಂತ ಕೆಳಗಿತ್ತು, ಕಂಬದ ಉಂಗುರಗಳು 84 ಕೆಲ್ವಿನ್‌ನಲ್ಲಿ ಲೆಕ್ಕದಂತೆಯೇ ಇದ್ದವು, ಶೀಲ್ಡ್‌ನ ದೂರದ ಅಂಚೂ 88 ದಾಟಿರಲಿಲ್ಲ. ಮೈಗಳೆಲ್ಲ ನಿರಪರಾಧಿಗಳು.

ಹೊಂದದ ಅಂಕಿಗಳು ಎರಡೇ. ಕಪ್ಲರ್‌ನ ಶೀಲ್ಡ್ ಹಂತದ ಉಂಗುರ 90ರ ಆಸುಪಾಸಿನಲ್ಲಿರಬೇಕಿತ್ತು, 128 ಕೆಲ್ವಿನ್ ತೋರಿಸುತ್ತಿತ್ತು. ಅದರ ಮುಂದಿನ, 4.2 ಕೆಲ್ವಿನ್ ಪಾತ್ರೆಗೆ ಕಟ್ಟಿದ ಉಂಗುರ 14 ಕೆಲ್ವಿನ್‌ನಲ್ಲಿತ್ತು. ಇದಲ್ಲದೆ, ದ್ರವಮಟ್ಟದ ಮಾಪಕವನ್ನು ಇಳಿಬಿಟ್ಟ ಕೊಳವೆಯ ಮೇಲ್ತುದಿ, ಕೋಣೆಯ ತಾಪಮಾನದಲ್ಲಿರಬೇಕಾದದ್ದು, ಹಿಮ ಕಟ್ಟಿ ಬೆಳ್ಳಗಾಗಿತ್ತು. ಅದರ ಮೇಲೆ ಬೆರಳಿಟ್ಟರೆ ಸಣ್ಣ ಅದುರು ತಿಳಿಯುತ್ತಿತ್ತು.

ಅದುರುವ ಕೊಳವೆಯ ಕಾರಣ ಕ್ರಯೋಜೆನಿಕ್ಸ್‌ನವರಿಗೆ ಹಳೆಯ ಪರಿಚಯ. ಕೆಳತುದಿ ತೆರೆದು ದ್ರವ ಹೀಲಿಯಂನ ಬಳಿಯಿರುವ, ಮೇಲ್ತುದಿ ಮುಚ್ಚಿ ಕೋಣೆಯ ಬಿಸಿಯಲ್ಲಿರುವ ಕಿರಿದಾದ ಕೊಳವೆಯಲ್ಲಿ ಅನಿಲ ತಾನೇ ತಾನಾಗಿ ಮೇಲೆ ಕೆಳಗೆ ಓಡಾಡತೊಡಗುತ್ತದೆ. ಪ್ರತಿ ಸಲವೂ ಮೇಲಿನ ಶಾಖವನ್ನು ಕೆಳಗೆ ಸುರಿಯುತ್ತದೆ. ಟಕೋನಿಸ್ ಆಂದೋಲನ ಎಂದು ಇದಕ್ಕೆ ಹೆಸರು. ಎಲ್‌ಸಿಎಲ್‌ಎಸ್-2ಕ್ಕಾಗಿ ಫರ್ಮಿಲ್ಯಾಬ್‌ನಲ್ಲಿ ಮೊದಲ ಮಾದರಿ ಮಾಡ್ಯೂಲನ್ನು ಪರೀಕ್ಷಿಸಿದಾಗಲೂ ಹೀಲಿಯಂ ವಾಲ್ವ್‌ಗಳ ಒಳಗೆ ಇದೇ ಆಂದೋಲನ ಎದ್ದು ಕ್ಯಾವಿಟಿಗಳನ್ನು ಅದುರಿಸಿತ್ತು. ಅಲ್ಲಿ ವಾಲ್ವ್‌ಗೆ ಹೀಲಿಯಂ ಬರುವ ಮತ್ತು ಹೋಗುವ ದಿಕ್ಕನ್ನು ಅದಲುಬದಲು ಮಾಡಿ, ಕಾಂಡದ ಸುತ್ತ ಅನಿಲದ ಓಡಾಟಕ್ಕೆ ತಡೆಗಳನ್ನಿಟ್ಟು ಸರಿಪಡಿಸಿದರು. ನಮ್ಮ ಕೊಳವೆಯ ಮೇಲ್ತುದಿಗೆ ವೇಗದ ಒತ್ತಡಮಾಪಕ ಕಟ್ಟಿ ನೋಡಿದಾಗ ಸಮಗತಿಯ ಅಲೆ ಸ್ಪಷ್ಟವಾಗಿ ಕಂಡಿತು. ದುರಸ್ತಿಗೆ ಪಾತ್ರೆ ತೆರೆಯಬೇಕಾಗಲಿಲ್ಲ. ಮೇಲ್ತುದಿಗೆ ಒಂದು ಸೂಜಿ ವಾಲ್ವ್, ಅದರ ಆಚೆಗೆ ಒಂದು ಲೀಟರಿನ ಖಾಲಿ ಪಾತ್ರೆ ಸೇರಿಸಿ, ವಾಲ್ವನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತ ಹೋದಾಗ ಒಂದು ಸ್ಥಾನದಲ್ಲಿ ಅಲೆ ಅಡಗಿತು. ಅನಿಲದ ಹರಿವು 60ರಿಂದ 39 ಲೀಟರ್‌ಗೆ ಇಳಿಯಿತು. ಒಳಗೆ ಒತ್ತಡ 31 ಮಿಲಿಬಾರ್ ಮಾತ್ರವಿರುವಾಗ ಹೀಗೆ ಸೇರಿಸಿದ ಪ್ರತಿ ಹೊಸ ಜೋಡಣೆಯೂ ಗಾಳಿಯನ್ನು ಒಳಗೆಳೆಯುವ ದಾರಿಯಾಗಬಹುದು; ಆದ್ದರಿಂದ ಅಲ್ಲೆಲ್ಲ ಎರಡೆರಡು ಓ-ರಿಂಗ್ ಹಾಕಿ ನಡುವಿನ ಜಾಗಕ್ಕೆ ಹೀಲಿಯಂ ತುಂಬಿದೆವು. ಸೋರಿದರೂ ಒಳಹೋಗುವುದು ಹೀಲಿಯಂ, ಹೆಪ್ಪುಗಟ್ಟುವ ಗಾಳಿಯಲ್ಲ.

ಸಡಿಲವಾದ ಬೋಲ್ಟ್

ಕಪ್ಲರ್‌ನ ಉಂಗುರಗಳಿಗೆ ಬೆಚ್ಚಗಾಗಿಸಿ ತೆರೆಯದೆ ದಾರಿಯಿರಲಿಲ್ಲ. ತೆರೆದಾಗ ಎಲ್ಲವೂ ಬಿಗಿಯಾಗಿಯೇ ಇತ್ತು! ಶಾಖವನ್ನು ಒಯ್ಯುವ ತಾಮ್ರದ ಹೆಣೆಪಟ್ಟಿಯ ತುದಿತಟ್ಟೆ, ಅಂದರೆ ಲಗ್, ಅಲ್ಯೂಮಿನಿಯಂ ಉಂಗುರಕ್ಕೆ ಎಂ6 ಸ್ಟೇನ್‌ಲೆಸ್ ಬೋಲ್ಟಿನಿಂದ ಕೂತಿತ್ತು; ಟಾರ್ಕ್ ರೆಂಚ್ ಹಾಕಿ ನೋಡಿದರೆ ನಕ್ಷೆಯಲ್ಲಿ ಬರೆದ ಬಿಗಿತವೇ. ಆದರೆ ಕೋಣೆಯ ತಾಪಮಾನದ ಬಿಗಿತ ತಣ್ಣಗಿದ್ದಾಗಿನದನ್ನು ಹೇಳುವುದಿಲ್ಲ. ಲೆಕ್ಕ ಹಾಕಿದಾಗ ಸಂಗತಿ ಸ್ಪಷ್ಟವಾಯಿತು. ಬೋಲ್ಟ್ ಹಿಡಿದಿರುವ ಅಲ್ಯೂಮಿನಿಯಂನ ದಪ್ಪ 10 ಮಿ.ಮೀ. 80 ಕೆಲ್ವಿನ್‌ಗೆ ಬಂದಾಗ ಅಲ್ಯೂಮಿನಿಯಂ ಶೇಕಡ 0.39ರಷ್ಟು, ಉಕ್ಕಿನ ಬೋಲ್ಟ್ ಶೇಕಡ 0.28ರಷ್ಟು ಕುಗ್ಗುತ್ತದೆ, ವ್ಯತ್ಯಾಸ 11 ಮೈಕ್ರಾನ್. ಬೋಲ್ಟನ್ನು ಬಿಗಿದಾಗ ಅದು ಹಿಗ್ಗುವುದೂ ಅಷ್ಟು ಉದ್ದಕ್ಕೆ ಸುಮಾರು 10 ಮೈಕ್ರಾನ್ ಮಾತ್ರ. ಹಿಗ್ಗಿನಿಂದ ಬಂದ ಬಿಗಿತವನ್ನೆಲ್ಲ ಕುಗ್ಗುವಿಕೆ ನುಂಗಿಹಾಕುತ್ತದೆ. ತಣ್ಣಗಾದಾಗ ಲಗ್ ಉಂಗುರವನ್ನು ಬರಿದೇ ಸೋಕಿಕೊಂಡಿರುತ್ತದೆ. ನಿರ್ವಾತದಲ್ಲಿ ಒತ್ತಡವಿಲ್ಲದ ಎರಡು ಲೋಹಗಳ ನಡುವೆ ಶಾಖ ದಾಟುವುದಿಲ್ಲವೆಂದೇ ಹೇಳಬಹುದು. ಮತ್ತೆ ಬೆಚ್ಚಗಾದಾಗ ಎಲ್ಲವೂ ಮೊದಲಿನಂತೆ ಬಿಗಿ. ಕಂಬದ ಉಂಗುರ ತಣಿದಷ್ಟೂ ಬಿಗಿಯಾಗುವ ಜಾತಿಯದು, ಇದು ಸಡಿಲವಾಗುವ ಜಾತಿಯದು. ಎರಡರಲ್ಲೂ ಇರುವುದು ಅದೇ ಅಲ್ಯೂಮಿನಿಯಂ.

ಪರಿಹಾರ ಡಿಸ್ಕ್ ಸ್ಪ್ರಿಂಗ್ ವಾಷರ್. ಬೋಲ್ಟಿನ ತಲೆಯಡಿ ಬೋಗುಣಿ ಆಕಾರದ ಇಂಥ ವಾಷರ್‌ಗಳನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿ ಕಾಲು ಮಿ.ಮೀ. ಅದುಮಿದರೆ, 11 ಮೈಕ್ರಾನ್ ಸಡಿಲಾದರೂ ಒತ್ತಡದಲ್ಲಿ ಆಗುವ ನಷ್ಟ ನೂರಕ್ಕೆ ಐದರ ಒಳಗೇ ಉಳಿಯುತ್ತದೆ. ವಾಷರ್ ತಣ್ಣಗಾದಾಗ ಪೆಡಸಾಗದ ಸ್ಟೇನ್‌ಲೆಸ್‌ನದೇ ಆಗಿರಬೇಕು. ಕಾಂತ ಶೀಲ್ಡ್ ಪಕ್ಕದಲ್ಲೇ ಇರುವುದರಿಂದ ಅಯಸ್ಕಾಂತ ಹಿಡಿದು ಒಂದೊಂದನ್ನೂ ಪರೀಕ್ಷಿಸಿ ಅಂಟಿಕೊಂಡವನ್ನು ಬದಿಗಿಟ್ಟೆವು. ಲಗ್ ಮತ್ತು ಉಂಗುರದ ನಡುವೆ ತೆಳುವಾದ ಇಂಡಿಯಂ ಹಾಳೆ ಇಟ್ಟೆವು. ಅದು ಮೆತ್ತಗಿನ ಲೋಹವಾದ್ದರಿಂದ ಒತ್ತಿದಾಗ ಎರಡೂ ಮೈಗಳ ಏರುತಗ್ಗುಗಳನ್ನು ತುಂಬುತ್ತದೆ. ಬಿಗಿದ ಮಾರನೆಯ ದಿನ ಇಂಡಿಯಂ ಒತ್ತಡಕ್ಕೆ ಹರಡಿಕೊಂಡು ಹಿಡಿತ ಸ್ವಲ್ಪ ಸಡಿಲವಾಗಿರುತ್ತದೆ, ಮತ್ತೊಮ್ಮೆ ಬಿಗಿಯಬೇಕು. ಅಲ್ಯೂಮಿನಿಯಂಗೆ ಕಟ್ಟಿದ ಬೇರೆ ಬಂಧಗಳನ್ನೂ ಇದೇ ಸಂದರ್ಭದಲ್ಲಿ ಬಿಚ್ಚಿ ಹೀಗೆಯೇ ಕಟ್ಟಿದೆವು. ನಕ್ಷೆಯಲ್ಲಿ ಈಗ ಪ್ರತಿ ಬೋಲ್ಟಿನ ಪಕ್ಕ ಟಾರ್ಕಿನ ಜೊತೆಗೆ ವಾಷರ್‌ಗಳ ಸಂಖ್ಯೆ, ಅವುಗಳ ಜೋಡಣೆಯ ದಿಕ್ಕು ಮತ್ತು ತಣಿದ ಮೇಲೆ ಉಳಿಯಬೇಕಾದ ಒತ್ತಡವನ್ನೂ ಬರೆಯಲಾಗಿದೆ.

ಎರಡನೆಯ ತಣಿಸುವಿಕೆಯಲ್ಲಿ ಕಪ್ಲರ್‌ನ ಶೀಲ್ಡ್ ಉಂಗುರ 92 ಕೆಲ್ವಿನ್‌ಗೂ ಒಳಗಿನದು 5.5 ಕೆಲ್ವಿನ್‌ಗೂ ಬಂದು ನಿಂತವು. ಅನಿಲದ ಹರಿವು ನಿಮಿಷಕ್ಕೆ 31 ಲೀಟರ್, ಎಂದರೆ 2 ವ್ಯಾಟ್. ಬಜೆಟ್‌ಗಿಂತ ಇನ್ನೂ ಅರ್ಧ ವ್ಯಾಟ್ ಹೆಚ್ಚು. ಕ್ಯಾವಿಟಿಯಿಂದ ಸಂಕೇತ ತರುವ ರೇಡಿಯೋ ಕೇಬಲ್‌ನ ಕನೆಕ್ಟರ್ ಮೇಲಿರುವ ಮಾಪಕ ಪಕ್ಕದ ಟ್ಯಾಂಕಿಗಿಂತ ಬೆಚ್ಚಗಿರುವುದನ್ನು ನೋಡಿದರೆ, ಕೇಬಲ್ಲಿನ ಹೊರಕವಚವನ್ನು 4.2 ಕೆಲ್ವಿನ್ ಪಾತ್ರೆಗೆ ಕಟ್ಟಿದ ಹಿಡಿ ಸಾಲದಾಗಿದೆ. ಈಗಿರುವುದು ಅರ್ಧ ಬೆರಳಿನಷ್ಟು ಅಗಲದ ಪಟ್ಟಿ. ಅದರ ಬದಲು ಕೇಬಲನ್ನು ಸುರುಳಿ ಸುತ್ತಿ ತಾಮ್ರದ ಎರಡು ಅಚ್ಚುಗಳ ನಡುವೆ ಒಂದು ಗೇಣು ಉದ್ದಕ್ಕೂ ಒತ್ತಿ ಹಿಡಿಯುವ ಭಾಗವನ್ನು ಲೇತಿಗೆ ಕೊಟ್ಟಿದ್ದೇವೆ. ಪಂಪಿನ ಸಾಮರ್ಥ್ಯದಲ್ಲಿ ಅರ್ಧ ವ್ಯಾಟ್‌ಗೆ ಅವಕಾಶವಿರುವುದರಿಂದ ಅಲ್ಲಿಯವರೆಗೆ ಕಾಯದೆ ಕ್ಯಾವಿಟಿಗೆ ವಿದ್ಯುತ್ ಕೊಡುವ ಪರೀಕ್ಷೆಗಳು ಕಡಿಮೆ ಏರುಮಾನದಿಂದ ಆರಂಭವಾಗಿವೆ. ಹೊಸ ಹಿಡಿಯನ್ನು ಟ್ಯೂನರ್‌ನ ಪೀಜೋ ಎಂಬ ಸೂಕ್ಷ್ಮ ಚಾಲಕವನ್ನು ಬದಲಿಸಲು ಪಾತ್ರೆ ತೆರೆಯುವಾಗಲೇ ಕೂರಿಸುತ್ತೇವೆ.